ಓಣಿಯ ಅಂಗಡಿಯೂ ವಲಯದ ಕಾಯದೆಯೂ

ಬೆಂಗಳೂರಿನ ವಸತಿಬೀದಿಯೊಂದರಲ್ಲಿ ತನ್ನ ಮನೆಯ ಮುಂಗೋಣೆಯನ್ನೇ ಅಂಗಡಿಯಾಗಿ ಮಾಡಿಕೊಂಡು ಅಕ್ಕಿ, ಬೇಳೆ, ಎಣ್ಣೆಗಳನ್ನು ಮಾರುವ ಮನುಷ್ಯನು ಆಳುವವರ ದೃಷ್ಟಿಯಲ್ಲಿ ಯಾರು? ಪ್ರಶ್ನೆಯು ಸುಲಭವಾಗಿ ಕಾಣುತ್ತದೆ; ಉತ್ತರವು ಸುಲಭವಲ್ಲ. ವಿದ್ಯುತ್ ಕಂಪನಿಯನ್ನು ಕೇಳಿದರೆ ಅವನು ವರ್ತಕನು. ಆದುದರಿಂದಲೇ ಮನೆಯ ದರವನ್ನು ಬಿಟ್ಟು ವಾಣಿಜ್ಯದ ದರದಿಂದ ಅವನಲ್ಲಿ ಹಣವನ್ನು ಪಡೆಯಲಾಗುತ್ತದೆ. ಪಾಲಿಕೆಯ ಕಂದಾಯ ಶಾಖೆಯನ್ನು ಕೇಳಿದರೂ ಅವನು ವರ್ತಕನೇ. ವಾಸಕ್ಕಲ್ಲದ ಕಟ್ಟಡವೆಂದು ಆ ಕೋಣೆಗೆ ಹೆಚ್ಚಿನ ಆಸ್ತಿ ತೆರಿಗೆಯನ್ನು ಅವನು ತೆರುತ್ತಾನೆ. ಆದರೆ ಅದೇ ಪಾಲಿಕೆಯ ಆರೋಗ್ಯ ಶಾಖೆಗೆ ಹೋಗಿ ಉದ್ದಿಮೆಯ ಪರವಾನಗಿಯನ್ನು ಬೇಡಿದ ಕೂಡಲೆ ಅವನು ವರ್ತಕನಾಗಿ ಉಳಿಯದೆ ಅಪರಾಧಿಯಾಗುತ್ತಾನೆ. ನಕ್ಷೆಯಲ್ಲಿ ಅವನ ಬೀದಿಗೆ ವಸತಿಯ ಬಣ್ಣವನ್ನು ಬಳಿಯಲಾಗಿದೆ. ಆ ಬಣ್ಣದ ಮೇಲೆ ತಕ್ಕಡಿಯನ್ನು ಇಡಕೂಡದು. ಒಂದು ಕೈಯಿಂದ ತೆರಿಗೆಯನ್ನು ಪಡೆದು ಇನ್ನೊಂದು ಕೈಯಿಂದ ನೋಟೀಸನ್ನು ಕೊಡುವ ಈ ಪದ್ಧತಿಯು ನ್ಯಾಯವೆ ಎಂಬುದನ್ನು ವಾಚಕರು ತಾವೇ ನಿರ್ಣಯಿಸಲಿ.

ಭೂಮಿಯ ಉಪಯೋಗವನ್ನು ವಸತಿ, ವಾಣಿಜ್ಯ, ಕೈಗಾರಿಕೆ ಎಂದು ವಿಂಗಡಿಸಿ, ಯಾವ ಜಾಗದಲ್ಲಿ ಏನು ನಡೆಯಬಹುದೆಂದು ಮುಂಗಡವಾಗಿಯೇ ಗೊತ್ತುಮಾಡುವ ನಿಬಂಧನೆಗಳಿಗೆ ವಲಯ ನಿಯಮಗಳೆಂದು ಹೆಸರು. ೨೦೦೭ರಲ್ಲಿ ಮಂಜೂರಾದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯು ವಸತಿ ಮತ್ತು ವ್ಯಾಪಾರಗಳ ಬೆರಕೆಯನ್ನು ಮೊದಲು ಧಾರಾಳವಾಗಿಯೇ ಒಪ್ಪಿತ್ತು. ಅದರಿಂದ ನೊಂದ ನಿವಾಸಿಗಳು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. ಅನಂತರ ಸರಕಾರವು ನಿಯಮಗಳನ್ನು ಬಿಗಿಮಾಡಿತು. ನಗರದ ಒಳವಲಯಗಳಲ್ಲಿ ೪೦ ಅಡಿಗಿಂತ ಕಿರಿದಾದ ವಸತಿರಸ್ತೆಗಳಲ್ಲಿ ವಾಣಿಜ್ಯಕ್ಕೆ ಆಸ್ಪದವಿಲ್ಲವೆಂಬ ನಿಬಂಧನೆಯನ್ನು ಮುಂದಿಟ್ಟುಕೊಂಡು ಕಳೆದ ದಶಕದಲ್ಲಿ ನೋಟೀಸುಗಳು ಹೊರಟವು, ಬೀಗಗಳು ಬಿದ್ದವು. ವಿನಾಯಿತಿಗಳು ಇಲ್ಲವೆಂದಲ್ಲ, ಆದರೆ ಅವುಗಳನ್ನು ಹುಡುಕಿ ತೆಗೆಯುವುದಕ್ಕೆ ವಕೀಲನು ಬೇಕು, ವಕೀಲನಿಗೆ ಹಣ ಬೇಕು. ಕಿರಾಣಿ ಅಂಗಡಿಯವನಲ್ಲಿ ಎರಡೂ ಇರುವುದಿಲ್ಲ. ಆ ಮಹಾಯೋಜನೆಯ ಅವಧಿಯು ೨೦೧೫ಕ್ಕೆ ತೀರಿತು. ಅದರ ಸ್ಥಾನಕ್ಕೆ ಬರಬೇಕಾಗಿದ್ದ ಹೊಸ ಕರಡು ೨೦೧೭ರ ನವೆಂಬರಿನಲ್ಲಿ ಪ್ರಕಟವಾಗಿ ೨೦೨೦ರಲ್ಲಿ ಹಿಂತೆಗೆಯಲ್ಪಟ್ಟಿತು. ಹೀಗೆ ಅವಧಿ ಮುಗಿದ ಯೋಜನೆಯ ಆಧಾರದಿಂದ ಜನರ ಹೊಟ್ಟೆಯ ಪಾಡು ವರ್ಷಾನುವರ್ಷ ನಿರ್ಣಯವಾಗುತ್ತ ಬಂದಿತು.

ಈ ವಿಂಗಡಣೆಯ ವಿಚಾರವು ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಆದುದರಿಂದ ಅದರ ಮೂಲವನ್ನು ಸ್ವಲ್ಪ ಶೋಧಿಸುವುದು ಅವಶ್ಯ. ಅಮೇರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ ಕಳೆದ ಶತಮಾನಕ್ಕೂ ಮೊದಲೇ ಒಂದು ಕಟ್ಟಳೆಯಿದ್ದಿತು. ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಅಂಗಡಿಯನ್ನು ನಡೆಸುವವರು ಪಟ್ಟಣದ ಮೇಲ್ವಿಚಾರಕ ಮಂಡಲದ ಅಪ್ಪಣೆಯನ್ನು ಪಡೆಯತಕ್ಕದ್ದೆಂದು ಅದು ವಿಧಿಸಿತ್ತು. ಬೆಂಕಿಯ ಭಯವೇ ಕಾರಣವೆಂದು ಹೇಳಲಾಯಿತು. ಕಟ್ಟಳೆಯ ಮಾತಿನಲ್ಲಿ ಪಕ್ಷಪಾತದ ಸುಳಿವೂ ಇರಲಿಲ್ಲ. ಆದರೆ ಅಪ್ಪಣೆಯನ್ನು ಬೇಡಿದ ಸುಮಾರು ೨೦೦ ಜನ ಚೀನೀಯರಲ್ಲಿ ಒಬ್ಬನಿಗೂ ಅದು ದೊರೆಯಲಿಲ್ಲ. ಬಿಳಿಯರಿಗೆ ಹೆಚ್ಚುಕಡಿಮೆ ಎಲ್ಲರಿಗೂ ದೊರೆಯಿತು. ಯಿಕ್ ವೋ ಎಂಬ ಹೆಸರಿನ ಆ ಖಟ್ಲೆಯಲ್ಲಿ ೧೮೮೬ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಕಟ್ಟಳೆಯ ಮುಖವು ಎಷ್ಟೇ ಸೌಮ್ಯವಾಗಿದ್ದರೂ ಅದನ್ನು ನಡೆಸುವ ಕೈಯು ವಕ್ರವಾಗಿದ್ದರೆ ಅದು ಅನ್ಯಾಯವೇ ಎಂದು ತೀರ್ಪಿತ್ತಿತು. ಕೊಡುವುದೂ ಬಿಡುವುದೂ ಅಧಿಕಾರಿಯ ಇಚ್ಛೆಗೆ ಸೇರಿದ್ದಾದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ನಮಗೆ ತಿಳಿಯದು.

ಬಳಿಕ ೧೯೧೬ರಲ್ಲಿ ನ್ಯೂಯಾರ್ಕ್ ನಗರವು ಇಡಿಯ ಪಟ್ಟಣಕ್ಕೆ ಅನ್ವಯಿಸುವ ವಲಯ ನಿಯಮವನ್ನು ಮಾಡಿತು. ೧೯೨೬ರಲ್ಲಿ ಓಹಾಯೋ ಸಂಸ್ಥಾನದ ಯೂಕ್ಲಿಡ್ ಎಂಬ ಸಣ್ಣ ಊರಿನ ಖಟ್ಲೆಯಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು ಇಂತಹ ವಿಂಗಡಣೆಯು ಸರಕಾರದ ಅಧಿಕಾರಕ್ಕೆ ಒಳಪಟ್ಟಿದೆಯೆಂದು ಎತ್ತಿಹಿಡಿಯಿತು. ಹಂದಿಯು ಕೊಟ್ಟಿಗೆಯಲ್ಲಿದ್ದರೆ ದೋಷವಿಲ್ಲ, ನಡುಮನೆಯಲ್ಲಿದ್ದರೆ ಉಪದ್ರವ ಎಂಬ ಅರ್ಥದ ದೃಷ್ಟಾಂತವೂ, ಒಂಟಿಮನೆಗಳ ಬೀದಿಗೆ ಬಂದು ನಿಲ್ಲುವ ಬಹುಮನೆಗಳ ಕಟ್ಟಡವು ಪರೋಪಜೀವಿಯಂತೆ ಎಂಬ ಹೋಲಿಕೆಯೂ ಆ ತೀರ್ಪಿನಲ್ಲಿವೆ. ಅಂದಿನಿಂದ ಆ ದೇಶದಲ್ಲಿ ಮನೆಗಳು ಒಂದು ಕಡೆಗೆ, ಅಂಗಡಿಗಳು ಇನ್ನೊಂದು ಕಡೆಗೆ ಸರಿದವು. ನಡುವಣ ಅಂತರವನ್ನು ಮೋಟಾರು ತುಂಬಿತು. ಒಂದು ಸೇರು ಹಾಲಿಗೆ ಮೋಟಾರಿನಲ್ಲಿ ಹೋಗಬೇಕಾದ ಸ್ಥಿತಿಯನ್ನು ಆ ದೇಶದವರೇ ಅನೇಕರು ಈಗ ಹಳಿಯುತ್ತಿದ್ದಾರೆ. ಜೇನ್ ಜೇಕಬ್ಸ್ ಎಂಬ ವಿದುಷಿಯು ೧೯೬೧ರಷ್ಟು ಹಿಂದೆಯೇ ಅದನ್ನು ಖಂಡಿಸಿ ಗ್ರಂಥವನ್ನು ಬರೆದಳು. ಮೋಟಾರಿಲ್ಲದ ಮುದುಕಿಯು ಬಹುಸಂಖ್ಯಾಕಳಾಗಿರುವ ನಮ್ಮ ನಾಡಿಗೆ ಇವರು ಬಿಡಹೊರಟ ಅಂಗಿಯನ್ನು ನಾವು ಏಕೆ ತೊಡಬೇಕು? ಓಣಿಯ ಅಂಗಡಿಯು ನಡುಮನೆಗೆ ನುಗ್ಗಿದ ಹಂದಿಯಲ್ಲ.

ನಮ್ಮ ಊರುಗಳ ರಚನೆಯನ್ನು ಒಮ್ಮೆ ನೋಡೋಣ. ಬೆಂಗಳೂರಿನ ಹಳೆಯ ಪಟ್ಟಣವೆಂದರೆ ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಧಾರವಾಡದಲ್ಲಿ ಮಂಗಳವಾರ ಪೇಟೆ, ಬೆಳಗಾವಿಯಲ್ಲಿ ರವಿವಾರ ಪೇಟೆ. ವಾರಗಳು ಕೂಡ ನಮ್ಮಲ್ಲಿ ವ್ಯಾಪಾರದಿಂದ ಬೀದಿಗಳಿಗೆ ಹೆಸರಾಗಿ ಉಳಿದಿವೆ. ಮುಂದೆ ಅಂಗಡಿ, ಹಿಂದೆ ಮನೆ. ಕೆಳಗೆ ತಕ್ಕಡಿ, ಮೇಲೆ ತೊಟ್ಟಿಲು. ಹಂಪೆಯಲ್ಲಿ ಪ್ರತಿಯೊಂದು ದೊಡ್ಡ ದೇವಾಲಯದ ಮುಂದೆಯೂ ಬಜಾರದ ಸಾಲುಗಳು ಇಂದಿಗೂ ನಿಂತಿವೆ. ಅಯ್ಯಾವೊಳೆಯ ಐನೂರ್ವರು ತಮ್ಮ ಸಮಯಧರ್ಮವನ್ನು ತಾವೇ ಗೊತ್ತುಮಾಡಿಕೊಂಡದ್ದನ್ನೂ, ಪಟ್ಟಣಸ್ವಾಮಿಯೆಂಬ ವರ್ತಕಮುಖ್ಯನು ಊರಾಡಳಿತದಲ್ಲಿ ಪಾಲುಗೊಂಡದ್ದನ್ನೂ ನಮ್ಮ ಶಾಸನಗಳು ಹೇಳುತ್ತವೆ. ಅಂಗಡಿಯವನು ಊರಿನ ಆಡಳಿತಕ್ಕೆ ಹೊರಗಿನವನಾಗಿರಲಿಲ್ಲ. ಹಳೆಯದೆಲ್ಲವೂ ಚೆನ್ನವೆಂದು ನಾವು ಹೇಳುವವರಲ್ಲ. ಕಸುಬಿನ ಪೇಟೆಗಳು ಜಾತಿಯ ಪೇಟೆಗಳೂ ಆಗಿದ್ದವು; ಎಷ್ಟೋ ಜನರಿಗೆ ಆ ಬೀದಿಗಳಲ್ಲಿ ಕಾಲಿಡುವ ಹಕ್ಕೇ ಇರಲಿಲ್ಲ. ಆ ಗೋಡೆಗಳು ಬಿದ್ದದ್ದು ಒಳ್ಳೆಯದಾಯಿತು. ಬೀಳಬೇಕಾದ ಗೋಡೆಯೊಡನೆ ಅಂಗಡಿಯ ಬಾಗಿಲೂ ಮುಚ್ಚಬೇಕೆಂಬುದು ಮಾತ್ರ ಎಲ್ಲಿಯ ತರ್ಕ?

ಯೋಜನೆಯಿಂದಲೇ ಕಟ್ಟಿದ ಬಡಾವಣೆಗಳಲ್ಲಿಯೂ ಅಂಗಡಿಯು ಅರಿಷ್ಟವಾಗಲಿಲ್ಲ. ೧೮೯೮ರ ಪ್ಲೇಗಿನ ಕಾಲದಲ್ಲಿ ರೂಪುಗೊಂಡ ಬಸವನಗುಡಿಗೂ ಮಲ್ಲೇಶ್ವರಕ್ಕೂ ಅಗಲವಾದ ಬೀದಿಗಳಿದ್ದವು, ಗಾಳಿ ಬೆಳಕಿದ್ದವು. ಅವುಗಳೊಡನೆ ಗಾಂಧಿ ಬಜಾರವೂ ಎಂಟನೆಯ ಅಡ್ಡರಸ್ತೆಯ ಅಂಗಡಿಗಳೂ ಬೆಳೆದವು. ಈ ಬಡಾವಣೆಗಳ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರು ಹೂವು, ಹಣ್ಣು, ಕಾಫಿಪುಡಿಗಳ ಆ ಬೀದಿಗಳನ್ನು ಬಿಟ್ಟು ಬೇರೇನನ್ನು ನೆನೆಯುತ್ತಾರೆ?

ಇನ್ನು ಕಾಯದೆಯ ಕಥೆ. ನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ ನಗರ ಯೋಜನೆಗೂ ಬೇರೆ ಬೇರೆ ಒಡೆಯರಿದ್ದರು. ಧಾರವಾಡ, ಬೆಳಗಾವಿ, ವಿಜಾಪುರಗಳ ಮೇಲೆ ಮುಂಬಯಿಯ ೧೯೧೫ರ ಕಾಯದೆ. ಮಂಗಳೂರು, ಬಳ್ಳಾರಿಗಳ ಮೇಲೆ ಮದರಾಸಿನ ೧೯೨೦ರ ಕಾಯದೆ. ಮೈಸೂರು ಸಂಸ್ಥಾನಕ್ಕೆ ತನ್ನವೇ ಆದ ನಗರಾಭಿವೃದ್ಧಿಯ ವಿಶ್ವಸ್ತ ಮಂಡಲಿಗಳು. ಕಲಬುರ್ಗಿ, ರಾಯಚೂರುಗಳು ನಿಜಾಮನ ಆಳಿಕೆಯಲ್ಲಿ. ೧೯೫೬ರಲ್ಲಿ ಕನ್ನಡ ನಾಡು ಒಂದಾಯಿತು; ಐದು ವರ್ಷಗಳ ಮೇಲೆ, ೧೯೬೧ರಲ್ಲಿ, ಅಖಂಡ ನಾಡಿಗೆಲ್ಲ ಒಂದೇ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯದೆಯು ಶಾಸನಸಭೆಯಿಂದ ಹೊರಟಿತು. ಏಕೀಕರಣದ ಫಲಗಳಲ್ಲಿ ಇದೂ ಒಂದೆಂದು ನಾವು ಎಣಿಸುತ್ತೇವೆ. ಆದರೆ ಕಾಯದೆಯು ನಮ್ಮದಾದರೂ ಅದರ ಅಚ್ಚು ಹೊರಗಿನದು. ಅದರ ನುಡಿಯೂ ಬಹುಮಟ್ಟಿಗೆ ಹೊರಗಿನದೇ ಆಗಿ ಉಳಿಯಿತು. ಬೆಂಗಳೂರಿನ ವಲಯ ನಿಯಮಗಳನ್ನು ಬರೆದದ್ದು ಇಂಗ್ಲಿಷಿನಲ್ಲಿ. ತನ್ನ ಅಂಗಡಿಯನ್ನು ಮುಚ್ಚಿಸತಕ್ಕ ವಾಕ್ಯವನ್ನು ಅಂಗಡಿಯವನು ಓದಲಾರನು. ಓದಿ ಹೇಳುವವನು ಇನ್ಸ್ಪೆಕ್ಟರನೇ. ಓದಿ ಹೇಳುವವನ ಕೈಯಲ್ಲಿಯೇ ಬೀಗದ ಕೈಯೂ ಇದ್ದರೆ ಆ ಓದಿಗೆ ಬೆಲೆ ಕಟ್ಟುವವರು ಯಾರೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನು ಕೇಳದಿರುವುದು ಧರ್ಮವಲ್ಲ. ಇಂದಿರಾನಗರ, ಕೋರಮಂಗಲಗಳ ನಿವಾಸಿಗಳು ಸುಮ್ಮನೆ ಕೂಗಿಕೊಂಡವರಲ್ಲ. ಮನೆಯೆಂದು ನಂಬಿ ಕೊಂಡ ಬೀದಿಯಲ್ಲಿ ಪಕ್ಕದ ಕಟ್ಟಡವು ಒಂದು ದಿನ ಪಾನಗೃಹವಾಗುತ್ತದೆ. ನಡುರಾತ್ರಿಯವರೆಗೆ ವಾದ್ಯದ ಅಬ್ಬರ. ಜನರೇಟರಿನ ಹೊಗೆಯು ಮಗುವಿನ ಕೋಣೆಗೆ. ಬಾಗಿಲಿಗೆ ಅಡ್ಡವಾಗಿ ನಿಂತ ಮೋಟಾರುಗಳು. ರೋಗಿಯನ್ನು ಸಾಗಿಸುವ ಗಾಡಿಗೂ ದಾರಿಯಿಲ್ಲ. ನಿದ್ರೆಯು ಶ್ರೀಮಂತರ ವಿಲಾಸವಲ್ಲ. ಅದು ಎಲ್ಲರ ಹಕ್ಕು. ನಿವಾಸಿಗಳ ಈ ದೂರನ್ನು ನಾವು ಅಕ್ಷರಶಃ ಒಪ್ಪುತ್ತೇವೆ.

ಆದರೆ ಆ ದೂರು ಯಾರ ಮೇಲೆ? ನೂರು ಜನ ಕುಳಿತು ಕುಡಿಯುವ ಮಹಡಿಯ ಮೇಲೆ. ಒಂದೇ ಹಗಲಿನಲ್ಲಿ ಇಪ್ಪತ್ತು ಲಾರಿಗಳನ್ನು ಕರೆಯುವ ಉಗ್ರಾಣದ ಮೇಲೆ. ಹಾಲು ಮಾರುವವಳ ಮೇಲಲ್ಲ, ಸಿಂಪಿಗನ ಮೇಲಲ್ಲ, ಜೋಳದ ರೊಟ್ಟಿಯನ್ನು ಬಡಿದು ಡಜನಿನ ಲೆಕ್ಕದಲ್ಲಿ ಮಾರುವ ಹುಬ್ಬಳ್ಳಿಯ ತಾಯಿಯ ಮೇಲಲ್ಲ. ವಾಣಿಜ್ಯ ಎಂಬ ಒಂದೇ ಶಬ್ದದಲ್ಲಿ ಇವರೆಲ್ಲರನ್ನೂ ಕಟ್ಟಿದ್ದೇ ಮೂಲದೋಷವು. ಅದರ ಪರಿಣಾಮವು ವಿಪರೀತವಾದದ್ದು: ಪಾನಗೃಹದ ಒಡೆಯನಿಗೆ ತಡೆಯಾಜ್ಞೆಯನ್ನು ತರಲು ವಕೀಲರಿದ್ದಾರೆ, ಕಾಯಲು ಬಂಡವಾಳವಿದೆ; ಬೀಗವು ಮೊದಲು ಬೀಳುವುದು ಸಿಂಪಿಗನ ಬಾಗಿಲಿಗೆ. ಪರವಾನಗಿಯಿಲ್ಲದವನಿಗೆ ಬ್ಯಾಂಕು ಸಾಲವನ್ನು ಕೊಡಲು ಹಿಂಜರಿಯುತ್ತದೆ. ಆಗ ಅವನು ಬಡ್ಡಿಯವನ ಮನೆಗೆ ಹೋಗುತ್ತಾನೆ. ಹೆಂಗಸರ ಪಾಡು ಇನ್ನೂ ಕಠಿಣ. ಅಡಿಗೆಮನೆಯ ಉರಿಯನ್ನೂ ತೊಟ್ಟಿಲಿನ ಮಗುವನ್ನೂ ಬಿಟ್ಟು ಎರಡು ಮೈಲು ದೂರದ ಬಾಡಿಗೆ ಮಳಿಗೆಗೆ ಹೋಗಿ ಹಪ್ಪಳ ಮಾರೆಂದು ಹೇಳುವುದೆಂದರೆ ಮಾರಬೇಡವೆಂದು ಹೇಳಿದಂತೆಯೇ.

ವ್ಯಾಪಾರಕ್ಕೆ ಬೇರೆ ಸ್ಥಳವನ್ನು ಯೋಜನೆಯಲ್ಲಿಯೇ ಬಿಟ್ಟಿದ್ದೇವಲ್ಲ ಎಂದು ಅಧಿಕಾರಿಗಳು ಹೇಳಬಹುದು. ಬಿಟ್ಟದ್ದು ನಿಜ. ಆದರೆ ಅಭಿವೃದ್ಧಿ ಪ್ರಾಧಿಕಾರವು ತನ್ನ ಬಡಾವಣೆಗಳ ವಾಣಿಜ್ಯ ನಿವೇಶನಗಳನ್ನೂ ಮೂಲೆಯ ನಿವೇಶನಗಳನ್ನೂ ಹರಾಜಿಗೆ ಹಾಕುತ್ತದೆ. ಹರಾಜಿನಲ್ಲಿ ಕಿರಾಣಿಯವನು ಯಾರೊಡನೆ ಕೂಗಬೇಕು? ಕೊಂಡವನು ತೆತ್ತ ಬೆಲೆಯನ್ನು ಹಿಂದಕ್ಕೆ ಪಡೆಯಬೇಕಾದರೆ ಐದಂತಸ್ತು ಎತ್ತಲೇಬೇಕು. ಅಲ್ಲಿ ಆಭರಣದ ಮಳಿಗೆಯು ಬರುವುದೇ ಹೊರತು ಮೂಲಂಗಿ ಸೊಪ್ಪಿನ ಅಂಗಡಿಯು ಬರುವುದಿಲ್ಲ. ಬಡಾವಣೆಯು ಸುಂದರವಾಗುತ್ತದೆ, ಕೊತ್ತಂಬರಿಯನ್ನು ತರುವುದಕ್ಕೆ ಮಾತ್ರ ಮೋಟಾರು ಬೇಕಾಗುತ್ತದೆ. ಮುಂದೆ ಯಾರೋ ಮನೆಯ ಮುಂಗೋಣೆಯನ್ನು ತೆರೆದು ಕೊತ್ತಂಬರಿಯನ್ನು ಮಾರುತ್ತಾರೆ, ಓಣಿಯವರೆಲ್ಲರೂ ಕೊಳ್ಳುತ್ತಾರೆ, ನೋಟೀಸು ಬರುತ್ತದೆ.

ನಮಗಿಂತ ಮೊದಲೇ ಈ ಅವಸ್ಥೆಯನ್ನು ದಿಲ್ಲಿಯು ಕಂಡಿತು. ವಸತಿಪ್ರದೇಶಗಳಲ್ಲಿ ನಡೆಯುತ್ತಿದ್ದ ಅಕ್ರಮ ವ್ಯಾಪಾರದ ಮಳಿಗೆಗಳಿಗೆ ಮೊಹರು ಹಾಕಬೇಕೆಂದು ೨೦೦೬ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಮೊಹರಿನ ಕಾರ್ಯವು ಮೊದಲಾಯಿತು, ವರ್ತಕರು ಬೀದಿಗಿಳಿದರು, ಆ ವರ್ಷದ ಸಪ್ಟಂಬರಿನಲ್ಲಿ ಗೋಲೀಬಾರಾಗಿ ಪ್ರಾಣಹಾನಿಯೂ ಸಂಭವಿಸಿತು. ಈ ನಡುವೆ ಪಾರ್ಲಿಮೆಂಟು ರಕ್ಷಣೆಯ ವಿಶೇಷ ಕಾಯದೆಯೊಂದನ್ನು ಮಾಡಿತು; ಒಂದು ವರ್ಷಕ್ಕೆಂದು ಹಾಕಿದ ಆ ತೇಪೆಯನ್ನು ಮತ್ತೆ ಮತ್ತೆ ಹೊಲಿಯುತ್ತ, ೨೦೨೩ರಲ್ಲಿಯೂ ಮೂರು ವರ್ಷಗಳಿಗೆ ಮುಂದುವರಿಸಲಾಯಿತು. ಆದರೆ ಆ ಗಲಭೆಯಿಂದ ಒಂದು ಸದ್ವಿಚಾರವೂ ಹುಟ್ಟಿತು. ೨೦೦೭ರಲ್ಲಿ ಪ್ರಕಟವಾದ ದಿಲ್ಲಿಯ ಮಹಾಯೋಜನೆಯು ನಿತ್ಯೋಪಯೋಗದ ಸಾಮಾನುಗಳ ಪಟ್ಟಿಯೊಂದನ್ನು ಮಾಡಿ, ಅವುಗಳನ್ನು ಮಾರುವ ೨೦ ಚದರ ಮೀಟರಿನೊಳಗಿನ ಅಂಗಡಿಯು ವಸತಿಮನೆಯ ನೆಲಮಾಳಿಗೆಯಲ್ಲಲ್ಲ, ನೆಲಮಟ್ಟದಲ್ಲಿ ಮಾತ್ರ ಇರಬಹುದೆಂದು ಒಪ್ಪಿಕೊಂಡಿತು.

ಜಪಾನು ದೇಶದ ನಿಯಮವು ಇನ್ನೂ ಸರಳವಾದದ್ದು. ಅಲ್ಲಿ ಅತ್ಯಂತ ಬಿಗಿಯಾದ, ತಗ್ಗುಮನೆಗಳಿಗೆಂದೇ ಮೀಸಲಾದ ವಸತಿವಲಯದಲ್ಲಿಯೂ ವಾಸದ ಮನೆಯೊಂದು ತನ್ನ ವಿಸ್ತಾರದ ಅರ್ಧಕ್ಕಿಂತ ಕಡಿಮೆಯಾದ, ೫೦ ಚದರ ಮೀಟರನ್ನು ಮೀರದ ಭಾಗದಲ್ಲಿ ಸಣ್ಣ ಅಂಗಡಿಯನ್ನು ನಡೆಸಬಹುದು. ಒಡೆಯನು ಅಲ್ಲಿಯೇ ವಾಸಿಸುವುದರಿಂದ ನೆರೆಯವನ ನಿದ್ರೆಯೂ ತನ್ನ ನಿದ್ರೆಯೂ ಒಂದೇ ಗೋಡೆಯ ಎರಡು ಪಕ್ಕದಲ್ಲಿರುತ್ತವೆ. ಟೋಕಿಯೊ ನಗರದ ಓಣಿಗಳ ಶಾಂತತೆಯನ್ನು ಕಂಡುಬಂದ ನಮ್ಮವರು ಅಲ್ಲಿಯ ಅಂಗಡಿಗಳನ್ನೂ ಕಂಡಿರಲೇಬೇಕು.

ಆದುದರಿಂದ ನಮ್ಮ ಅಭಿಪ್ರಾಯವಿದು: ಅಂಗಡಿಯನ್ನು ನಕ್ಷೆಯ ಬಣ್ಣದಿಂದ ಅಳೆಯದೆ ಅದರ ಗಾತ್ರದಿಂದಲೂ ಅದು ನೆರೆಯವರಿಗೆ ಕೊಡುವ ಉಪದ್ರವದಿಂದಲೂ ಅಳೆಯತಕ್ಕದ್ದು. ಗೊತ್ತಾದ ಅಳತೆಯೊಳಗಿನ ನಿತ್ಯೋಪಯೋಗದ ಅಂಗಡಿಯು, ಸೇವೆಯ ಕಸುಬು, ಮನೆಯಲ್ಲಿಯೇ ನಡೆಯುವ ಖಾನಾವಳಿ, ಇವು ಯಾವ ಅಗಲದ ಬೀದಿಯಲ್ಲಿದ್ದರೂ ಹಕ್ಕಿನಿಂದ ನಡೆಯಬೇಕು, ಅಪ್ಪಣೆಯಿಂದಲ್ಲ. ಅಳತೆಯು ೨೦ ಚದರ ಮೀಟರೊ, ೫೦ ಚದರ ಮೀಟರೊ ಎಂಬುದನ್ನು ಊರೂರಿನ ಮನೆಗಳ ಗಾತ್ರವನ್ನು ನೋಡಿ ಗೊತ್ತುಮಾಡಲಿ. ಅದಕ್ಕೆ ಮೀರಿದ್ದಕ್ಕೆ ಅಗಲವಾದ ರಸ್ತೆ, ವಾಹನ ನಿಲುಗಡೆಯ ಜಾಗ, ನೆರೆಯವರ ಅಹವಾಲಿನ ವಿಚಾರಣೆ ಇವೆಲ್ಲವೂ ಇರಲಿ. ಮದ್ಯದ ಅಂಗಡಿಗೂ ಧ್ವನಿವರ್ಧಕಕ್ಕೂ ವಸತಿಯ ಓಣಿಯಲ್ಲಿ ಎಡೆಯೇ ಬೇಡ. ಈ ವಿಷಯದಲ್ಲಿ ನಾವು ನಿವಾಸಿಗಳಿಗಿಂತಲೂ ಕಠಿಣರು. ಕಾಲುದಾರಿಯ ಮೇಲೆ ಸರಕನ್ನು ಹರಡುವ ಅಂಗಡಿಯವನ ಪರವಾಗಿಯೂ ನಾವು ಒಂದು ಮಾತನ್ನೂ ಆಡೆವು.

ಗಿರಣಿಯ ವಿಷಯವು ಸ್ವಲ್ಪ ತೊಡಕಿನದು. ಹಿಟ್ಟಿನ ಗಿರಣಿಯಿಲ್ಲದ ಓಣಿಯು ನಮ್ಮ ಕಡೆಗೆ ಓಣಿಯೇ ಅಲ್ಲ. ಆದರೆ ಅದರ ಸಪ್ಪಳವೂ ಧೂಳೂ ನಿಜವಾದವು. ಇದನ್ನು ವಾಣಿಜ್ಯವೆಂದು ಅಟ್ಟುವುದೂ ಬೇಡ, ಬಡವನ ಕಸುಬೆಂದು ಕಣ್ಣುಮುಚ್ಚುವುದೂ ಬೇಡ. ಮೋಟರಿನ ಅಶ್ವಶಕ್ತಿಗೆ ಮಿತಿಯಿರಲಿ, ಗೋಡೆಯನ್ನು ನೆರೆಮನೆಯ ಗೋಡೆಗೆ ತಗುಲಿಸದಿರಲಿ, ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಮಾತ್ರ ತಿರುಗಲಿ. ಹೀಗೆ ನಿರ್ಣಯಿಸುವುದಕ್ಕೆ ಕಣ್ಣು, ಕಿವಿ, ಗಡಿಯಾರಗಳು ಸಾಕು. ರಾಜಧಾನಿಯಿಂದ ಬರುವ ನಕ್ಷೆಯು ಬೇಕಾಗಿಲ್ಲ.

ಹಾಗಾದರೆ ನಿರ್ಣಯಿಸುವವರು ಯಾರು? ಸಂವಿಧಾನದ ೭೪ನೆಯ ತಿದ್ದುಪಡಿಯು ೧೯೯೨ರಲ್ಲಿಯೇ ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರತಕ್ಕದ್ದೆಂದು ವಿಧಿಸಿತು. ೨೦೨೫ರಲ್ಲಿ ಬೆಂಗಳೂರಿನ ಒಂದೇ ಪಾಲಿಕೆಯನ್ನು ಐದಾಗಿ ಒಡೆಯಲಾಯಿತು. ಆಡಳಿತವು ಜನರ ಸಮೀಪಕ್ಕೆ ಬರಲೆಂಬುದೇ ಅದರ ಉದ್ದೇಶವಾಗಿದ್ದರೆ, ಈ ಸಣ್ಣ ಅಂಗಡಿಯ ಪ್ರಶ್ನೆಗಿಂತ ಜನರಿಗೆ ಸಮೀಪವಾದ ಪ್ರಶ್ನೆಯು ಯಾವುದಿದೆ? ಬೀದಿವ್ಯಾಪಾರಿಗಳ ೨೦೧೪ರ ಕಾಯದೆಯನ್ನು ಇಲ್ಲಿ ನೆನೆಯತಕ್ಕದ್ದು. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇಕಡ ೪೦ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳಿಂದಲೇ ಆಯ್ಕೆಯಾಗಿ ಬರಬೇಕು, ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು ಎಂದು ಆ ಕಾಯದೆಯು ಹೇಳುತ್ತದೆ. ಅದು ಎಷ್ಟರಮಟ್ಟಿಗೆ ನಡೆಯುತ್ತಿದೆಯೆಂಬುದು ಬೇರೆ ಮಾತು. ಆದರೂ ತಳ್ಳುಗಾಡಿಯವನಿಗೆ ಕಾಯದೆಯಲ್ಲಿ ಒಂದು ಕುರ್ಚಿಯಿದೆ. ತಲೆಯ ಮೇಲೆ ಸೂರಿರುವ ಅಂಗಡಿಯವನಿಗೆ ಅದೂ ಇಲ್ಲ. ವಲಯ ನಿಯಮಗಳನ್ನು ರಚಿಸುವ ಸಭೆಯಲ್ಲಿ ಅವನ ಪ್ರತಿನಿಧಿಯೂ, ಅವನ ಎದುರು ಮನೆಯ ನಿವಾಸಿಯ ಪ್ರತಿನಿಧಿಯೂ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳಲಿ. ಅವರಿಬ್ಬರು ಒಬ್ಬರನ್ನೊಬ್ಬರು ದಿನವೂ ಕಾಣುವವರು. ಎಂಜಿನಿಯರರು ಇಬ್ಬರನ್ನೂ ಕಂಡವರಲ್ಲ.

ರಾಜಧಾನಿಯ ಹೊರಗಿರುವ ನಮ್ಮ ಬಂಧುಗಳಿಗೆ ಒಂದು ಮಾತು. ಹುಬ್ಬಳ್ಳಿ-ಧಾರವಾಡ, ಕಲಬುರ್ಗಿ, ದಾವಣಗೆರೆ, ಶಿವಮೊಗ್ಗೆಗಳಲ್ಲಿ ಹೊಸ ಬಡಾವಣೆಗಳು ಹೊಲಗಳನ್ನು ದಾಟಿ ನಡೆದಿವೆ. ಬೆಂಗಳೂರಿನ ಎಡವಟ್ಟನ್ನು ಅಲ್ಲಿ ನಕಲು ಮಾಡುವುದಕ್ಕೆ ಮೊದಲು, ಪ್ರತಿಯೊಂದು ಬಡಾವಣೆಯಲ್ಲಿಯೂ ಕಾಲುನಡಿಗೆಯ ಅಂತರದಲ್ಲಿ ಹತ್ತಿಪ್ಪತ್ತು ಸಣ್ಣ ಕಟ್ಟೆಗಳನ್ನು ಕಟ್ಟಿಸಿ, ಹರಾಜಿಗೆ ಹಾಕದೆ ಮಿತವಾದ ಬಾಡಿಗೆಗೆ ಅಲ್ಲಿಯೇ ವಾಸಿಸುವವರಿಗೆ ಕೊಡಬೇಕೆಂದು ನಗರಾಭಿವೃದ್ಧಿ ಪ್ರಾಧಿಕಾರಗಳನ್ನು ಒತ್ತಾಯಪಡಿಸಿರಿ. ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆಗೆ ದೊರೆಯುವ ಅವಧಿಯು ೬೦ ದಿನಗಳು. ಅಷ್ಟರೊಳಗೆ ಕರಡಿನ ಪೂರ್ಣ ಪಾಠವನ್ನು, ನಕ್ಷೆಯ ಸೂಚಿಗಳನ್ನೂ ಸೇರಿಸಿ, ಕನ್ನಡದಲ್ಲಿ ಅಚ್ಚುಮಾಡಿ ವಾರ್ಡು ವಾರ್ಡಿನ ಕಚೇರಿಯಲ್ಲಿ ತೂಗಹಾಕಬೇಕು. ಹಾಗೆ ಮಾಡದಿದ್ದರೆ ೬೦ ದಿನಗಳ ಎಣಿಕೆಯು ಆರಂಭವಾಗಕೂಡದು. ಇದನ್ನು ಬರವಣಿಗೆಯಲ್ಲಿ ಕೇಳಿರಿ, ಸ್ವೀಕೃತಿಯ ಮೊಹರನ್ನು ಹಾಕಿಸಿಕೊಳ್ಳಿರಿ. ಅಂಗಡಿಗಳವರೂ ಗಿರಾಕಿಗಳೂ ಒಂದೇ ಅರ್ಜಿಯ ಕೆಳಗೆ ಸಹಿಮಾಡಿದರೆ ಇನ್ನೂ ಒಳ್ಳೆಯದು.